ಸೀಸೆ ತೊಳೆಯುವ ಕೆಲಸ

ಮದ್ಯಪಾನದ ಕೆಡುಕುಗಳನ್ನು ಕುರಿತು ಪ್ರಬಂಧ ಬರೆಯಿರೆಂದು ಮೂವತ್ತು ವರ್ಷಗಳಿಂದ ಶಾಲೆಯ ಮಕ್ಕಳಿಗೆ ಹೇಳುತ್ತ ಬಂದ ಉಪಾಧ್ಯಾಯನೊಬ್ಬನು, ಬಿಯರ್ ತುಂಬುವುದಕ್ಕಾಗಿ ಸೀಸೆಗಳನ್ನು ಕೈಯಾರೆ ತೊಳೆದೆನೆಂದು ಒಪ್ಪಿಕೊಂಡರೆ ಓದುಗರು ಅಚ್ಚರಿಪಡುವುದು ಸಹಜ. ನಾನು ಮದ್ಯವನ್ನು ಮುಟ್ಟಿದವನಲ್ಲ, ಮುಂದೆಯೂ ಮುಟ್ಟುವವನಲ್ಲ. ಆದರೂ ತೊಳೆದದ್ದು ನಿಜ. ಒಂದೆರಡಲ್ಲ, ಐವತ್ತು ಸೀಸೆಗಳು. ಈ ಕೆಲಸಕ್ಕೆ ಹೇಗೆ ಕೈ ಹಾಕಿದೆ, ಅದರಿಂದ ಏನನ್ನು ಕಲಿತೆ ಎಂಬುದನ್ನು ನಮ್ಮ ಪತ್ರಿಕೆಯ ಬಂಧುಗಳ ಮುಂದೆ ಹೇಳಿಕೊಳ್ಳಬೇಕೆನಿಸಿದೆ. ಮಕ್ಕಳು ದೂರದೇಶ ಸೇರಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅವರಲ್ಲಿ ಕೆಲವರಿಗಾದರೂ ಈ ಮಾತು ತಮ್ಮದೆನಿಸೀತೆಂದು ನನ್ನ ಎಣಿಕೆ.

2024ರ ಏಪ್ರಿಲ್ 19ರಂದು ನಮ್ಮ ರಾಜ್ಯದಲ್ಲಿ ಲೋಕಸಭಾ ಚುನಾವಣೆ ನಡೆಯಿತು. ಮತಗಟ್ಟೆಯ ಕೆಲಸ ಮುಗಿಸಿ, ಶಾಲೆಗೆ ಬೇಸಗೆಯ ರಜೆ ಬಂದೊಡನೆ, ನಾನೂ ನನ್ನಾಕೆಯೂ ಅಮೆರಿಕದಲ್ಲಿರುವ ಹಿರಿಯ ಮಗನ ಮನೆಗೆ ಹೊರಟೆವು. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಹೊರವಲಯದಲ್ಲಿ ಅವನ ವಾಸ. ಪಲ್ಲಡದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವರು ಅಲ್ಲಿ ಮೇ ತಿಂಗಳಿನಲ್ಲಿಯೂ ಸ್ವೆಟರ್ ತೊಡುವಂತಾಯಿತು. ರಾತ್ರಿ ಎಂಟೂವರೆಯವರೆಗೂ ಹಗಲಿನ ಬೆಳಕು. ಮಗನೂ ಸೊಸೆಯೂ ನಮ್ಮನ್ನು ಬಹಳ ಪ್ರೀತಿಯಿಂದ ನೋಡಿಕೊಂಡರು.

ಮೂರನೆಯ ದಿನ ಮಧ್ಯಾಹ್ನ, ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಿಂದ ಗುಳುಗುಳು ಸದ್ದು ಬರುತ್ತಿರುವುದನ್ನು ನನ್ನಾಕೆ ಗಮನಿಸಿದಳು. ನೋಡಿದರೆ ಒಂದು ಬಿಳಿಯ ಪ್ಲಾಸ್ಟಿಕ್ ಪಾತ್ರೆ, ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೆ ನೀರು ತುಂಬಿದ ಒಂದು ಸೊಟ್ಟ ಕೊಳವೆ, ಅದರ ಮೂಲಕ ಕ್ಷಣಕ್ಷಣಕ್ಕೂ ಗುಳ್ಳೆಗಳು ಹೊರಡುತ್ತಿದ್ದವು. "ಸೊಸೆ ನಿಂಬೆಕಾಯಿ ಉಪ್ಪಿನಕಾಯಿ ಹಾಕಿರಬೇಕು" ಎಂದಳು ನನ್ನಾಕೆ. ಸಂಜೆ ಮಗನು ಬಂದ ಮೇಲೆ ಕೇಳಿದೆವು. ಅವನು ತಲೆ ತಗ್ಗಿಸಿ, "ಅಪ್ಪಾ, ಅದು ಬಿಯರ್. ನಾನೇ ಮಾಡುತ್ತೇನೆ" ಎಂದನು. ನಾನು ಏನನ್ನೂ ಹೇಳಲಿಲ್ಲ. ಆದರೆ ಆ ರಾತ್ರಿ ಊಟ ರುಚಿಸಲಿಲ್ಲ.

ನನ್ನ ಮೌನಕ್ಕೆ ಕಾರಣವಿತ್ತು. ಪಾನನಿಷೇಧವನ್ನು 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಮೊದಲು ಜಾರಿಗೆ ತಂದರು. ಅದು 1971ರಲ್ಲಿ ಸಡಿಲವಾಯಿತು. ಕೆಲವೇ ವರ್ಷಗಳಲ್ಲಿ ಮರಳಿ ಬಂದಿತು. 1981ರಲ್ಲಿ ಮತ್ತೆ ಸಡಿಲವಾಯಿತು. 2003ರಿಂದ ಈಚೆಗೆ ಸರ್ಕಾರದ ನಿಗಮವೇ ಅಂಗಡಿಗಳಲ್ಲಿ ಮದ್ಯವನ್ನು ಮಾರುತ್ತಿದೆ. ಇತಿಹಾಸ ಹೀಗೆ ಹಿಂದುಮುಂದಾಗಿ ಹರಿದಿದೆಯಾದರೂ ಅದರ ಫಲವನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ವಾರದ ಕೂಲಿ ಬಟವಾಡೆಯಾದ ಮರುದಿನ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬಂದ ಮಗುವಿನ ಮುಖವನ್ನು ನೋಡಿದವನಿಗೆ ಮದ್ಯದ ಬಗ್ಗೆ ತಮಾಷೆಯ ಮಾತು ಬಾಯಿಗೆ ಬರುವುದಿಲ್ಲ. ಇನ್ನು ಮನೆಯಲ್ಲಿಯೇ ಮದ್ಯ ತಯಾರಿಸುವುದು ನಮ್ಮ ರಾಜ್ಯದಲ್ಲಿ ಶಿಕ್ಷಾರ್ಹ ಅಪರಾಧ. "ಮನೆಯಲ್ಲಿ ಮಾಡಿದ್ದು" ಎಂದೊಡನೆ ನಮ್ಮ ಕಿವಿಗೆ ಕೇಳಿಸುವುದು ಕಳ್ಳಭಟ್ಟಿ ಎಂಬ ಶಬ್ದವೇ.

ಎರಡು ದಿನ ಕಳೆದ ಮೇಲೆ ಮಗನೇ ಮಾತು ತೆಗೆದನು. ಅಮೆರಿಕದಲ್ಲಿಯೂ ಒಮ್ಮೆ ಪಾನನಿಷೇಧವಿತ್ತಂತೆ; ಅದು 1933ರಲ್ಲಿ ಹೋದ ಮೇಲೂ ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿಯಿರಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯಿದೆಯಿಂದ, 1979ರ ಫೆಬ್ರವರಿಯಿಂದಾಚೆಗೆ ಮನೆಬಳಕೆಗೆ ತೆರಿಗೆಯಿಲ್ಲದೆ ಅದನ್ನು ತಯಾರಿಸಬಹುದಾಯಿತು. ಮಾರುವಂತಿಲ್ಲ. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ಮಿತಿ. ಅವನು ಮಾಡುತ್ತಿದ್ದುದು ಎರಡು ಮೂರು ತಿಂಗಳಿಗೊಮ್ಮೆ 5 ಗ್ಯಾಲನ್, ಎಂದರೆ ಸುಮಾರು 19 ಲೀಟರ್. ಅದರಲ್ಲಿಯೂ ಅರ್ಧವನ್ನು ಗೆಳೆಯರಿಗೆ ಹಂಚುತ್ತಿದ್ದನು.

ತಯಾರಿಸುವ ಬಗೆಯನ್ನು ವಿವರಿಸುವಾಗ ಅವನ ಕಣ್ಣುಗಳಲ್ಲಿ ಹೊಳಪು ಕಾಣಿಸಿತು. ನಾವು ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುವಂತೆಯೇ ಅವರು ಬಾರ್ಲಿಯನ್ನು ಮಾಡುತ್ತಾರೆ. ಅದನ್ನು ನುಚ್ಚಾಗಿಸಿ, ಹದವಾದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ ಕುದಿಸುವಾಗ ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕುತ್ತಾರೆ. ಅವು ಕಹಿಯನ್ನೂ ಸುವಾಸನೆಯನ್ನೂ ಕೊಡುತ್ತವೆ. ಅಮೆರಿಕದ ಹಾಪ್ಸ್ ಬೆಳೆಯ ಬಹುಪಾಲು ಆರೆಗನ್, ವಾಷಿಂಗ್ಟನ್, ಐಡಹೊ ಎಂಬ ಆ ಸೀಮೆಯ ಮೂರು ರಾಜ್ಯಗಳದ್ದೇ. ಬಳಿಕ ಆರಿಸಿ ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ, ಅದು ಸಕ್ಕರೆಯನ್ನು ತಿಂದು ನೂರಕ್ಕೆ ಐದರಷ್ಟು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಉಂಟುಮಾಡುತ್ತದೆ. ನಾವು ಕೇಳಿದ ಗುಳುಗುಳು ಸದ್ದು ಅದೇ. ಭಟ್ಟಿ ಇಳಿಸುವ ಮಾತೇ ಇಲ್ಲ. ಇದೆಲ್ಲ ಒಂದು ಶನಿವಾರದ ಕೆಲಸ. ಮನೆಯೆಲ್ಲ ಅಂಬಲಿ ಕುದಿಸಿದಂಥ ಪರಿಮಳ. ಗೆಳೆಯರು ಬಂದು ಸೇರಿದರೆ ಹಬ್ಬದ ಸಂಭ್ರಮ.

ಆದರೆ ಎರಡು ವಾರ ಕಳೆದು ಅದನ್ನು ಸೀಸೆಗೆ ತುಂಬುವ ದಿನ ಬಂದರೆ ಒಬ್ಬ ಗೆಳೆಯನೂ ಆ ಕಡೆ ತಲೆ ಹಾಕುವುದಿಲ್ಲ. ಹತ್ತೊಂಬತ್ತು ಲೀಟರಿಗೆ 355 ಮಿಲಿಲೀಟರ್ ಅಳತೆಯ ಸುಮಾರು ಐವತ್ತು ಸೀಸೆಗಳು ಬೇಕು. ಆರೆಗನ್ನಿನಲ್ಲಿ ಖಾಲಿ ಸೀಸೆಯನ್ನು ಹಿಂದಿರುಗಿಸಿದರೆ ಠೇವಣಿಯ ಹಣ ಮರಳಿ ಬರುತ್ತದೆ. 1971ರಲ್ಲಿ ಅಮೆರಿಕದಲ್ಲಿಯೇ ಮೊದಲಿಗೆ ಅಂಥ ಕಾಯಿದೆ ಮಾಡಿದ ರಾಜ್ಯವದು. 2017ರಿಂದ ಸೀಸೆಯೊಂದಕ್ಕೆ ಹತ್ತು ಸೆಂಟು. ಆ ಹತ್ತು ಸೆಂಟಿನ ಆಸೆಯನ್ನು ಬಿಟ್ಟು ಮಗನು ಕಂದುಬಣ್ಣದ ಸೀಸೆಗಳನ್ನು ಕೂಡಿಹಾಕಿದ್ದನು. ಬಿಳಿ, ಹಸಿರು ಗಾಜಿನಲ್ಲಿ ಬೆಳಕು ಹೊಕ್ಕು ಹಾಪ್ಸಿನ ಸಾರವನ್ನು ಕೆಡಿಸಿ ದುರ್ವಾಸನೆ ತರುತ್ತದೆಯಾದ್ದರಿಂದ ಕಂದು ಗಾಜೇ ಆಗಬೇಕು. ಪ್ರತಿಯೊಂದರ ಮೇಲಿನ ಚೀಟಿಯನ್ನು ನೆನೆಸಿ ಕೆರೆಯಬೇಕು, ತಳದಲ್ಲಿ ಒಣಗಿ ಅಂಟಿದ ಮಡ್ಡಿಯನ್ನು ಕುಂಚ ಹಾಕಿ ಉಜ್ಜಬೇಕು, ಜಾಲಿಸಬೇಕು, ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ ಬೋರಲು ಹಾಕಬೇಕು, ತುಂಬಬೇಕು, ಮುಚ್ಚಳ ಒತ್ತಬೇಕು, ಕೊನೆಗೆ ಪಾತ್ರೆ, ಕೊಳವೆ, ನೆಲ ಎಲ್ಲವನ್ನೂ ಮತ್ತೆ ತೊಳೆಯಬೇಕು. ಇಷ್ಟಾದ ಮೇಲೂ ಎರಡು ವಾರ ಕಾಯದೆ ಒಂದು ತೊಟ್ಟೂ ಕುಡಿಯುವಂತಿಲ್ಲ. "ಮಾವ, ಆ ದಿನ ಅಡಿಗೆಮನೆ ನನ್ನದಲ್ಲ. ಊಟವನ್ನು ಹೊರಗಿನಿಂದ ತರಿಸುವುದೇ ಸರಿ" ಎಂದು ಸೊಸೆ ನಗುತ್ತ ಹೇಳಿದರೂ ಆ ನಗುವಿನಲ್ಲಿ ಸ್ವಲ್ಪ ಬೇಸರವಿತ್ತು.

ಆ ವಾರ ಪೂರ್ತಿ ಮಗನು ಸೀಸೆಗಳ ಮಾತೆತ್ತಲಿಲ್ಲ. ಹಿತ್ತಿಲ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆಗಳು ಧೂಳು ಹಿಡಿದು ಕುಳಿತಿದ್ದವು. ಗುರುವಾರ ರಾತ್ರಿ ಅವನು ನನ್ನ ಬಳಿ ಕುಳಿತು, "ಅಪ್ಪಾ, ಇದೇ ಕೊನೆ. ಇದನ್ನು ಚೆಲ್ಲಿಬಿಟ್ಟು ಸಾಮಾನುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಸಾಕಾಗಿದೆ" ಎಂದನು.

ನನ್ನ ಮನಸ್ಸು ಒಮ್ಮೆಗೆ ಹಗುರವಾಯಿತು. ಬಾಯಿಬಿಟ್ಟು ಕೇಳದೆಯೇ ವರ ಸಿಕ್ಕಿತಲ್ಲ ಎಂದುಕೊಂಡು ಮಲಗಿದೆ. ಆದರೆ ನಿದ್ರೆ ಬರಲಿಲ್ಲ. ಅವನು ಬಿಡುತ್ತಿರುವುದೇನೋ ಸರಿ. ಬಿಡುತ್ತಿರುವುದರ ಕಾರಣ ಯಾವುದು? ಕುಡಿತ ಕೆಟ್ಟದ್ದೆಂದಲ್ಲ, ನಮಗೆ ನೋವಾಗುತ್ತದೆಂದೂ ಅಲ್ಲ. ಸೀಸೆ ತೊಳೆಯಲು ಬೇಸರ. ಅಷ್ಟೆ. ಇವನು ಬಿಯರ್ ಮಾಡುವುದನ್ನು ಬಿಟ್ಟರೂ ಕುಡಿಯುವುದನ್ನು ಬಿಡುವುದಿಲ್ಲ, ಅಂಗಡಿಯಿಂದ ತರುತ್ತಾನೆ. ಹೋಗುವುದು ಮದ್ಯವಲ್ಲ, ಶ್ರಮ ಮಾತ್ರ.

ಇನ್ನೊಂದು ಯೋಚನೆ ಇದಕ್ಕಿಂತಲೂ ಹೆಚ್ಚಾಗಿ ಚುಚ್ಚಿತು. ಇವನು ಹೀಗೆ ಬಿಡುತ್ತಿರುವುದು ಇದೇ ಮೊದಲಲ್ಲ. ಬಾಲ್ಯದಲ್ಲಿ ಮೃದಂಗ ಕಲಿಯಲು ಸೇರಿದನು. ಮೊದಲ ಪಾಠಗಳನ್ನು ಉತ್ಸಾಹದಿಂದ ನುಡಿಸಿದನು. ಅದದೇ ಸೊಲ್ಲನ್ನು ದಿನವೂ ನೂರು ಸಲ ಸಾಧನೆ ಮಾಡಬೇಕಾದ ಘಟ್ಟದಲ್ಲಿ ನಿಲ್ಲಿಸಿದನು. ನಮ್ಮ ಮನೆಮಾತು ಕನ್ನಡವಾದರೂ ಊರಿನ ಶಾಲೆಯ ಪಾಠ ತಮಿಳಿನಲ್ಲಿ. ನಮ್ಮಜ್ಜ ನನಗೆ ಕನ್ನಡದ ಅಕ್ಷರ ತಿದ್ದಿಸಿದಂತೆ ನಾನೂ ಅವನಿಗೆ ರಜೆಯಲ್ಲಿ ತಿದ್ದಿಸತೊಡಗಿದೆ. ಸ್ವರ, ವ್ಯಂಜನ, ಕಾಗುಣಿತ ಎಲ್ಲವೂ ಸುಗಮವಾಗಿ ಸಾಗಿದವು. ಒತ್ತಕ್ಷರಕ್ಕೆ ಬಂದಾಗ, ಪುಟಗಟ್ಟಲೆ ಬರೆದು ರೂಢಿಸಿಕೊಳ್ಳಬೇಕಾದಾಗ, "ನಾಳೆ" ಎಂದನು. ಆ ನಾಳೆ ಬರಲೇ ಇಲ್ಲ. ಎಲ್ಲೆಲ್ಲಿ ಕೆಲಸದ ಸೊಗಸು ಮುಗಿದು ದುಡಿಮೆ ಮೊದಲಾಗುತ್ತದೆಯೋ ಅಲ್ಲಲ್ಲಿ ಅವನು ಎದ್ದುಹೋಗುತ್ತಾನೆ.

ಇದು ಯಾರ ತಪ್ಪು? ಆ ರಾತ್ರಿ ನನಗೆ ಹೊಳೆದ ಉತ್ತರ ನನಗೆ ಹಿತವಾದುದಲ್ಲ.

ನಾವು ನೇಕಾರ ಕುಲದವರು, ಚೌಡೇಶ್ವರಿಯ ಒಕ್ಕಲು. ಇಂದು ಪಲ್ಲಡದ ಸುತ್ತಿನ ಹಳ್ಳಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ಕೇಳುತ್ತದೆ. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದುದು ಕುಣಿಮಗ್ಗ. ಮಗ್ಗದಲ್ಲಿ ಕುಳಿತು ಲಾಳಿ ಎಸೆಯುವುದು ನೋಡುವವರಿಗೂ ಚೆಂದ, ನೇಯುವವರಿಗೂ ಹೆಮ್ಮೆ. ಕಣ್ಣೆದುರಿಗೇ ಅಂಚು ಮೂಡುತ್ತದೆ, ಸೆರಗು ಬೆಳೆಯುತ್ತದೆ. ಆದರೆ ಅದರ ಹಿಂದಿನ ಕೆಲಸವನ್ನು ನೋಡಲು ಯಾರೂ ಬರುವುದಿಲ್ಲ. ನೂಲಿನ ಲಡಿಯನ್ನು ಬಿಡಿಸಿ ಸುತ್ತಬೇಕು. ಬಿಸಿಲೇರುವ ಮುನ್ನ ಬೀದಿಯುದ್ದಕ್ಕೂ ಹಾಸನ್ನು ಎಳೆದು ಕಟ್ಟಿ, ಗಂಜಿ ಬಳಿದು, ಎಳೆ ಎಳೆಗೂ ಅಂಟದಂತೆ ಕುಂಚದಿಂದ ತೀಡಬೇಕು. ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸೆದು ಕೂಡಿಸಬೇಕು. ದಿನವೂ ಹೊಕ್ಕಿನ ನೂಲನ್ನು ರಾಟೆಯಿಂದ ಕಂಡಿಕೆಗಳಿಗೆ ಸುತ್ತಬೇಕು. ನಮ್ಮ ಅವ್ವ ಒಲೆಯ ಮುಂದೆ ಇಲ್ಲದ ಹೊತ್ತೆಲ್ಲ ರಾಟೆಯ ಮುಂದೆ ಇರುತ್ತಿದ್ದಳು. ಶಾಲೆಯಿಂದ ಬಂದೊಡನೆ ನಾನೂ ಕಂಡಿಕೆ ಸುತ್ತಬೇಕಾಗಿತ್ತು. ಅದನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ. ಆದರೂ ಸುತ್ತಿದೆ. ಸುತ್ತದಿದ್ದರೆ ಅಪ್ಪನ ಲಾಳಿ ನಿಲ್ಲುತ್ತಿತ್ತು. ಲಾಳಿ ನಿಂತರೆ ಒಲೆ ನಿಲ್ಲುತ್ತಿತ್ತು.

ನನಗೆ ಉಪಾಧ್ಯಾಯ ತರಬೇತಿಯಾಗಿ ಕೆಲಸ ಸಿಕ್ಕಿದ ಮೇಲೆ ನನ್ನ ಮಕ್ಕಳು ರಾಟೆ ಮುಟ್ಟಕೂಡದೆಂದು ನಾನು ನಿಶ್ಚಯಿಸಿದೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು ಮುಂದೆ. ಅವರ ತಟ್ಟೆಯನ್ನು ತಾಯಿ ತೊಳೆದಳು. ಪುಸ್ತಕಕ್ಕೆ ಕಾಗದದ ಹೊದಿಕೆಯನ್ನು ನಾನು ಹಾಕಿದೆ. ಅಂಚುಗೆರೆಯನ್ನು ಸಹ ನಾನೇ ಎಳೆದುಕೊಟ್ಟೆ. "ನೀನು ಓದು, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ" ಎಂಬುದೇ ನಮ್ಮ ಮನೆಯ ಮಂತ್ರವಾಗಿತ್ತು. ಊರಿನ ಮಕ್ಕಳಿಗೆ ಶ್ರಮದ ಗೌರವವನ್ನು ಬೋಧಿಸುತ್ತಿದ್ದವನು ನನ್ನ ಮಗನಿಗೆ ಲಾಳಿಯನ್ನಷ್ಟೇ ಕೊಟ್ಟು ಕಂಡಿಕೆಯನ್ನು ಬಚ್ಚಿಟ್ಟಿದ್ದೆ. ಮೂವತ್ತು ವರ್ಷದ ಮೇಲೆ ಅವನು ಸೀಸೆಗಳ ಮುಂದೆ ಸೋತು ಕುಳಿತರೆ ಅದರಲ್ಲಿ ನನ್ನ ಪಾಲೂ ಇದೆ.

ಬೆಳಿಗ್ಗೆ ಎದ್ದು ಇದನ್ನೆಲ್ಲ ನನ್ನಾಕೆಗೆ ಹೇಳಿದೆ. ಅವಳು ಕಾಫಿ ಬೆರೆಸುತ್ತಲೇ, "ಉಪದೇಶ ಮಾಡಲು ಹೋಗಬೇಡಿ. ಅವನ ಜೊತೆ ಕುಳಿತು ತೊಳೆಯಿರಿ. ನೀವು ತಾನೇ ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನು ತೊಳೆದಿದ್ದೀರಿ?" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಶುಕ್ರವಾರ ಸಂಜೆ ಮಗನಿಗೆ ಹೇಳಿದೆ: "ನೀನು ಕುಡಿಯುವುದು ನನಗೆ ಇಷ್ಟವಿಲ್ಲ. ಅದನ್ನು ಬಿಟ್ಟರೆ ನನಗೆ ಸಂತೋಷ. ಆದರೆ ಅದನ್ನು ಅದರ ಕಾರಣಕ್ಕಾಗಿ ಬಿಡು. ಸೀಸೆಗೆ ಹೆದರಿ ಬಿಡಬೇಡ. ಕೈಗೆತ್ತಿಕೊಂಡದ್ದನ್ನು ಈ ಒಂದು ಸಲ ಮುಗಿಸೋಣ. ನಾನೂ ಬರುತ್ತೇನೆ." ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದನು. ಬಳಿಕ ಎದ್ದು ಹೋಗಿ ಪೆಟ್ಟಿಗೆಗಳನ್ನು ಒಳಗೆ ತಂದನು.

ಕೆಲಸವನ್ನು ನಾವು ಎರಡು ದಿನಕ್ಕೆ ಹಂಚಿಕೊಂಡೆವು. ಶುಕ್ರವಾರ ರಾತ್ರಿ ದೊಡ್ಡ ತೊಟ್ಟಿಯಲ್ಲಿ ಬಿಸಿನೀರು ತುಂಬಿ, ಅಗಸರ ಸೋಡ ಕರಗಿಸಿ, ಸೀಸೆಗಳನ್ನೆಲ್ಲ ಮುಳುಗಿಸಿಟ್ಟೆವು. ಮರುದಿನ ಬೆಳಿಗ್ಗೆ ನೋಡಿದರೆ ಬಹುಪಾಲು ಚೀಟಿಗಳು ತಾವಾಗಿಯೇ ಕಳಚಿ ತೇಲುತ್ತಿದ್ದವು. ಬಲದಿಂದ ಕೆರೆದು ಸಾಧಿಸಲಾಗದ್ದನ್ನು ಒಂದು ರಾತ್ರಿಯ ನೆನೆ ಸಾಧಿಸಿತ್ತು. ನಾನು ಕುಂಚ ಹಾಕಿ ಉಜ್ಜಿದೆ. ಅವನು ಜಾಲಿಸಿ ಬೆಳಕಿಗೆ ಹಿಡಿದು ನೋಡಿದನು. ಮೊದಲ ಹತ್ತು ಸೀಸೆಗಳಿಗೆ ಅರ್ಧ ಗಂಟೆ ಹಿಡಿಯಿತು. ಕೈಗೆ ಲಯ ಸಿಕ್ಕಿದ ಮೇಲೆ ಮಿಕ್ಕ ನಲವತ್ತಕ್ಕೆ ಒಂದು ಗಂಟೆ ಸಾಕಾಯಿತು. ಕಂಡಿಕೆ ಸುತ್ತುವಾಗಲೂ ಹೀಗೆಯೇ. ಬೇಸರವೆಲ್ಲ ಮೊದಲ ಹತ್ತರಲ್ಲಿ.

ಇಷ್ಟು ತೊಳೆಯುವುದೇಕೆ ಎಂಬುದನ್ನು ಹೇಳುವಾಗ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎಚ್ಚೆತ್ತನು. ಹಾಲು ಕೆಡದಂತೆ ಕಾಯಿಸುವ ಕ್ರಮಕ್ಕೆ ತನ್ನ ಹೆಸರನ್ನು ಕೊಟ್ಟ ಲೂಯಿ ಪಾಸ್ಚರ್ ಬಿಯರನ್ನು ಕುರಿತೇ ಒಂದು ಗ್ರಂಥ ಬರೆದಿದ್ದಾನೆ. ಅದು ಪ್ರಕಟವಾದದ್ದು 1876ರಲ್ಲಿ. ಜರ್ಮನಿಯೊಡನೆ ನಡೆದ ಯುದ್ಧದಲ್ಲಿ ತನ್ನ ದೇಶ ಸೋತ ಬಳಿಕ, ಫ್ರಾನ್ಸಿನ ಬಿಯರಾದರೂ ಜರ್ಮನರದನ್ನು ಮೀರಿಸಲೆಂಬ ಛಲ ಅವನಿಗಿತ್ತು. ಬಿಯರ್ ಕೆಡುವುದು ತಾನಾಗಿ ಅಲ್ಲ, ಹೊರಗಿನಿಂದ ಸೇರಿದ ಸೂಕ್ಷ್ಮಜೀವಿಗಳಿಂದ ಎಂದು ಅವನು ತೋರಿಸಿಕೊಟ್ಟನು. ಕಣ್ಣಿಗೆ ಶುಭ್ರವಾಗಿ ಕಾಣುವ ಸೀಸೆಯ ತಳದಲ್ಲಿ ಒಂದು ಚುಕ್ಕೆ ಮಡ್ಡಿ ಉಳಿದಿದ್ದರೂ ಎರಡು ವಾರದ ಕೆಲಸ ಹುಳಿಯಾಗಬಹುದು. ಊಟಕ್ಕೆ ಮುನ್ನ ಕೈ ತೊಳೆಯಿರೆಂದು ಮಕ್ಕಳಿಗೆ ಹೇಳುವ ಪಾಠವೂ ಇದೇ ಅಲ್ಲವೇ?

ತುಂಬುವ ಮುನ್ನ ಮಗನು ಗಾಜಿನ ಒಂದು ತೇಲುಗಡ್ಡಿಯನ್ನು ಬಿಯರಿನಲ್ಲಿ ಬಿಟ್ಟು ಅಳತೆ ನೋಡಿದನು. ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಬಳಸುವ ಲ್ಯಾಕ್ಟೋಮೀಟರಿನ ತಮ್ಮನಂತಿತ್ತು ಅದು. ಮೂರು ದಿನ ಒಂದೇ ಅಂಕೆ ತೋರಿಸಿದರೆ ಯೀಸ್ಟ್ ತನ್ನ ಕೆಲಸ ಮುಗಿಸಿದೆಯೆಂದು ಅರ್ಥ. ಆಮೇಲೆ ಸುಮಾರು 110 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಆರಿಸಿ ಒಟ್ಟು ಹತ್ತೊಂಬತ್ತು ಲೀಟರಿಗೆ ಬೆರೆಸಿದೆವು. ಉಳಿದಿರುವ ಯೀಸ್ಟ್ ಮುಚ್ಚಿದ ಸೀಸೆಯೊಳಗೆ ಈ ಸಕ್ಕರೆಯನ್ನು ತಿಂದು ಅನಿಲವನ್ನು ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದೆ ಅದು ಬಿಯರಿನಲ್ಲಿಯೇ ಕರಗಿ ನೊರೆಯಾಗುತ್ತದೆ. ಸಕ್ಕರೆ ಹೆಚ್ಚಾದರೆ ಇಲ್ಲವೇ ಅವಸರದಿಂದ ತುಂಬಿದರೆ ಸೀಸೆಯೇ ಸಿಡಿದು ಗಾಜಿನ ಚೂರು ಹಾರುತ್ತದೆ. ಆದುದರಿಂದ ಬೇಸರದ ಕೆಲಸದಲ್ಲಿಯೇ ಎಚ್ಚರವೂ ಹೆಚ್ಚು ಬೇಕು.

ಮುಚ್ಚಳ ಒತ್ತುವ ಕೆಲಸ ನನಗೆ ಬಂದಿತು. ಎರಡು ಹಿಡಿಗಳ ಒಂದು ಸಾಧನ. ತಗಡಿನ ಮುಚ್ಚಳವನ್ನು ಸೀಸೆಯ ಬಾಯಿಗಿಟ್ಟು ಹಿಡಿಗಳನ್ನು ಅದುಮಿದರೆ ಅಂಚು ಮಡಿಸಿ ಕಚ್ಚಿಕೊಳ್ಳುತ್ತದೆ. ಬಾಲ್ಟಿಮೋರಿನ ವಿಲಿಯಂ ಪೇಂಟರ್ ಎಂಬಾತ 1892ರಲ್ಲಿ ಹಕ್ಕುಪತ್ರ ಪಡೆದ ಉಪಾಯವಿದು. ನನಗೆ ನೆನಪಾದದ್ದು ಮಾತ್ರ ನಮ್ಮ ಸಂತೆಯ ಗೋಲಿ ಸೋಡ. ಇಂಗ್ಲೆಂಡಿನ ಹೈರಂ ಕಾಡ್ 1872ರಲ್ಲಿ ರೂಪಿಸಿದ ಆ ಸೀಸೆಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಒತ್ತಿ ಬಾಯಿ ಮುಚ್ಚುತ್ತದೆ. ಅದನ್ನು "ಟಪ್" ಎಂದು ಒಡೆಯುವ ಸದ್ದಿಗಾಗಿ ನಾವು ಹುಡುಗರು ಅಂಗಡಿಯ ಮುಂದೆ ನಿಲ್ಲುತ್ತಿದ್ದೆವು; ಅಂಗಡಿಯ ಹಿಂದೆ ಸೀಸೆ ತೊಳೆಯುತ್ತಿದ್ದ ನಮ್ಮದೇ ವಯಸ್ಸಿನ ಹುಡುಗನನ್ನು ಒಂದು ದಿನವೂ ಮಾತನಾಡಿಸಿರಲಿಲ್ಲ. ಇದನ್ನು ಹೇಳುವಾಗ ನನ್ನ ಕೈ ತಡೆಯಿತು.

ಆ ಶನಿವಾರ ಮಗನು ನನ್ನನ್ನು ಕೇಳಿದಷ್ಟು ಪ್ರಶ್ನೆಗಳನ್ನು ಹಿಂದಿನ ಹತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಅಜ್ಜಿ ದಿನಕ್ಕೆ ಎಷ್ಟು ಕಂಡಿಕೆ ಸುತ್ತುತ್ತಿದ್ದಳು? ಬೇಸರವಾಗುತ್ತಿರಲಿಲ್ಲವೇ? ಬೇಸರವಾಗಿಯೇ ಇರಬೇಕು, ಆದರೆ ನೆರೆಮನೆಯವರು ತಮ್ಮ ರಾಟೆಗಳನ್ನು ತಂದು ಅದೇ ಜಗಲಿಯಲ್ಲಿ ಕೂರುತ್ತಿದ್ದರು, ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು ಎಂದೆ. ಹಾಸಿಗೆ ಗಂಜಿ ಹಾಕುವ ದಿನ ಇಡೀ ಬೀದಿಯೇ ಒಂದು ಮನೆಯ ಕೆಲಸಕ್ಕೆ ಕೈ ಕೊಡುತ್ತಿತ್ತು. ನಾಳೆ ಇನ್ನೊಂದು ಮನೆಯ ಸರದಿ. ಹೀಗೆ ಹಿಂದಿನವರು ಬೇಸರವನ್ನು ಇಲ್ಲವಾಗಿಸಲಿಲ್ಲ, ಹಂಚಿಕೊಂಡರು. ಮಗನೋ ಹಬ್ಬದ ದಿನಕ್ಕೆ ಗೆಳೆಯರನ್ನು ಕರೆದು ದುಡಿಮೆಯ ದಿನಕ್ಕೆ ಒಬ್ಬನೇ ನಿಲ್ಲುತ್ತಿದ್ದನು.

ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿ ಕೆಲವು ನಿಯಮಗಳು ರೂಪುಗೊಂಡವು. ಸೀಸೆ ಖಾಲಿಯಾದ ಕೂಡಲೇ ಅಲ್ಲಿಯೇ ಮೂರು ಸಲ ಜಾಲಿಸಿ ಬೋರಲು ಹಾಕುವುದು; ಒಣಗಿ ಅಂಟಿದ ಮೇಲೆ ಹತ್ತು ನಿಮಿಷ ಹಿಡಿಯುವ ಕೆಲಸ ಆಗ ಅರ್ಧ ನಿಮಿಷದ್ದು. ಒಮ್ಮೆ ಚೀಟಿ ಕಿತ್ತ ಸೀಸೆಗಳನ್ನು ಎಸೆಯದೆ ಉಳಿಸಿಕೊಳ್ಳುವುದು. ಮುಕ್ಕಾಲು ಲೀಟರಿನ ದೊಡ್ಡ ಸೀಸೆಗಳನ್ನು ಬಳಸುವುದು. ಆಗ ಐವತ್ತು ಇಪ್ಪತ್ತೈದಾಗುತ್ತದೆ. ತೊಳೆಯುವುದು ಒಂದು ದಿನ, ತುಂಬುವುದು ಇನ್ನೊಂದು ದಿನ. ಬಿಯರಿನಲ್ಲಿ ಪಾಲು ಬೇಕೆನ್ನುವ ಗೆಳೆಯನು ತೊಳೆಯುವ ದಿನ ಬರತಕ್ಕದ್ದು. ಸೀಸೆಗಳ ಬದಲು ಒಂದೇ ಉಕ್ಕಿನ ಪೀಪಾಯಿಯಲ್ಲಿ ತುಂಬುವ ಪದ್ಧತಿಯೂ ಇದೆಯಂತೆ. ಅನಿಲದ ಸಿಲಿಂಡರ್, ಬೇರೆ ಶೀತಪೆಟ್ಟಿಗೆ ಎಂದು ಖರ್ಚು ಬಹಳ. "ಬೇಕಾದರೆ ಕೊಂಡುಕೋ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಆ ಪೀಪಾಯಿಯನ್ನೂ ತೊಳೆಯಬೇಕು" ಎಂದೆ. ಅವನು ನಕ್ಕನು. ಸೊಸೆ ಅಡಿಗೆಮನೆಗೆ ಬಂದು ನೋಡಿದಾಗ ನೆಲ ಒಣಗಿತ್ತು. ಅವಳು ಬೆರಗಾಗಿ ನಮಗಿಬ್ಬರಿಗೂ ಕಾಫಿ ಕೊಟ್ಟಳು.

ನಾವು ಊರಿಗೆ ಹೊರಡುವ ಮುನ್ನಾದಿನ ಅವರು ಮೊದಲ ಸೀಸೆಯನ್ನು ತೆರೆದರು. ಮುಚ್ಚಳ "ಟುಸ್" ಎಂದಿತು. ಬಿಳಿಯ ನೊರೆ ಏರಿತು. ಮಗನು ಒಂದು ಲೋಟ ನನ್ನೆಡೆಗೆ ನೀಡಲು ಹೋಗಿ ಹಿಂತೆಗೆದುಕೊಂಡನು. ನಾನು ನಿಂಬೆಯ ಪಾನಕ ಕುಡಿದೆ. ಅವನು ಒಂದು ಲೋಟ ಕುಡಿದು, ಸೀಸೆಯನ್ನು ಮೂರು ಸಲ ಜಾಲಿಸಿ ಬೋರಲು ಹಾಕಿದ ಬಳಿಕ ಬಂದು ಕುಳಿತನು. ನನ್ನ ಕಣ್ಣು ಲೋಟಕ್ಕಿಂತ ಆ ಸೀಸೆಯ ಮೇಲೆಯೇ ಇತ್ತು.

ಜೂನ್ ತಿಂಗಳ ಮೊದಲಲ್ಲಿ ನಾವು ಹಿಂದಿರುಗಿದೆವು. ಅದೇ ತಿಂಗಳು ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು ಅರವತ್ತಕ್ಕೂ ಹೆಚ್ಚು ಮಂದಿ ಮಡಿದ ಸುದ್ದಿ ಬಂದಿತು. ಅದರಲ್ಲಿ ಬೆರೆತಿದ್ದುದು ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್ ಎಂಬ ವಿಷ. ಶಾಲೆಯಲ್ಲಿ ಪೋಷಕರ ಸಭೆ ಕರೆದು, ಅದು ಮೊದಲು ಕಣ್ಣನ್ನೂ ಬಳಿಕ ಪ್ರಾಣವನ್ನೂ ತೆಗೆಯುವ ಬಗೆಯನ್ನು ವಿವರಿಸಿದೆ. ಮದ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲವೆಂಬುದನ್ನು ಓದುಗರು ಇದರಿಂದ ತಿಳಿಯಬಹುದು. ನಮ್ಮ ನಾಡಿನಲ್ಲಿ ಯಾರೂ ಈ ಲೇಖನವನ್ನು ಓದಿ ಮನೆಯಲ್ಲಿ ಬಿಯರ್ ಮಾಡಲು ಹೊರಡಬಾರದು. ಅದು ಕಾನೂನಿಗೆ ವಿರುದ್ಧ. ನಾನು ಹೇಳಹೊರಟದ್ದು ಸೀಸೆಯ ಮಾತು.

ಆ ಮಾತು ಎಲ್ಲ ಮನೆಗೂ ಸಲ್ಲುತ್ತದೆ. ಕೊಯಮತ್ತೂರಿನ ಗ್ರೈಂಡರ್ ಊರಿಗೆಲ್ಲ ಹೆಸರು ತಂದಿದೆ. ಅದರಲ್ಲಿ ರುಬ್ಬಿದ ಇಡ್ಲಿ ಹಿಟ್ಟು ರಾತ್ರಿಯೆಲ್ಲ ಉಬ್ಬಿ ಬೆಳಿಗ್ಗೆ ಹೂವಾಗುವುದು ಎಲ್ಲರಿಗೂ ಪ್ರಿಯ. ಅದರ ಕಲ್ಲನ್ನು ಎತ್ತಿ, ಸಂದುಗಳಲ್ಲಿ ಅಂಟಿದ ಹಿಟ್ಟನ್ನು ತೊಳೆಯುವುದು ಯಾರಿಗೆ ಪ್ರಿಯ? ಮೂವತ್ತು ವರ್ಷ ಅದನ್ನು ಒಬ್ಬಳೇ ತೊಳೆದವಳು ನಮ್ಮ ಮನೆಯಲ್ಲಿದ್ದಾಳೆ. ಊರಿಗೆ ಬಂದ ವಾರದಿಂದ ಆ ಕಲ್ಲು ತೊಳೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ರುಬ್ಬಿದ ಕೂಡಲೇ ತೊಳೆದರೆ ಐದು ನಿಮಿಷ. ತಡಮಾಡಿದರೆ ಅರ್ಧ ಗಂಟೆ. ನಿಯಮ ಅಲ್ಲಿಯದೇ.

ಮಗನು ಈಗಲೂ ಬಿಯರ್ ಮಾಡುತ್ತಿದ್ದಾನೆ. ಬಿಟ್ಟನೆಂದು ಬರೆಯುವ ಆಸೆ ನನಗಿತ್ತು, ಸುಳ್ಳು ಬರೆಯಲಾರೆ. ತೊಳೆಯುವ ದಿನ ಇಬ್ಬರು ಗೆಳೆಯರು ಬರುತ್ತಾರಂತೆ. ಕಳೆದ ತಿಂಗಳು ಅವನೊಂದು ಫೋಟೋ ಕಳುಹಿಸಿದನು. ಸಾಲಾಗಿ ನಿಂತ ದೊಡ್ಡ ಸೀಸೆಗಳು, ಒಂದೊಂದರ ಮೇಲೂ ತಾನೇ ಬರೆದು ಅಂಟಿಸಿದ ಚೀಟಿ, ಚೀಟಿಯ ಮೇಲೆ ಕನ್ನಡದ ಅಕ್ಷರಗಳು: "ಪಲಡಂ."

ಲಕಾರದ ಒತ್ತು ಬಿಟ್ಟುಹೋಗಿದೆ ಎಂದು ಅವನಿಗೆ ತಿಳಿಸಿದೆ. "ಅಲ್ಲಿಗೇ ಅಲ್ಲವೇ ಅಪ್ಪಾ ನಾನು ನಿಲ್ಲಿಸಿದ್ದು? ಒತ್ತಕ್ಷರಗಳನ್ನು ಬರೆದು ಕಳುಹಿಸಿ" ಎಂದನು. ದಿನಕ್ಕೆ ಒಂದರಂತೆ ಬರೆದು ಕಳುಹಿಸುತ್ತಿದ್ದೇನೆ. ಅವನೂ ದಿನಕ್ಕೆ ಒಂದು ಪುಟ ತಿದ್ದಿ ಕಳುಹಿಸುತ್ತಿದ್ದಾನೆ. ಇದುವರೆಗೆ ಎರಡು ದಿನ ಮಾತ್ರ ತಪ್ಪಿಸಿದ್ದಾನೆ.